ಲಾಲಪ್ಪನ ಜೋಲಿ, ಶೇವಂತಕ್ಕನ ಕೌದಿ

ನಾನು ದರ್ಜಿ. ಮಂಠಾಳದ ಬಸ್ ನಿಲ್ದಾಣದ ಎದುರು ನನ್ನ ಅಂಗಡಿ. ಬಟ್ಟೆಯ ವಿಷಯದಲ್ಲಿ ಧನರಾಜನ ಮಾತೇ ಕಡೆಯದು ಎಂದು ಊರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಶೇವಂತಕ್ಕನನ್ನು ಮಾತ್ರ ಕೇಳಬೇಡಿ. ಇಪ್ಪತ್ತೆರಡು ವರ್ಷಗಳಿಂದ ನನ್ನ ಅಂಗಡಿಯ ಚಿಂದಿಯನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋಗುವವಳು ಅವಳು. ಹೋಗುವ ಮುಂಚೆ ನನ್ನ ಕತ್ತರಿಗೆ ಹೆಸರಿಡದ ದಿನ ಒಂದೂ ಇಲ್ಲ.

"ಎಷ್ಟ ಅರಬಿ ಹಾಳ ಮಾಡ್ತೀ ಧನರಾಜ. ಇದರಾಗ ಇನ್ನೊಂದ ತೋಳ ಆಗತಿತ್ತು" ಎನ್ನುತ್ತಾಳೆ.

ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ಗಪ್ಪನೆ ಕೂರುತ್ತೇನೆ. ಯಾಕೆಂದರೆ ಅದರಲ್ಲಿ ಇನ್ನೊಂದು ತೋಳು ಆಗುತ್ತಿತ್ತು ಎಂಬುದು ನನಗೂ ಗೊತ್ತು.

ಅವಳು ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂರಿಸಿ, ಅಂಚಿನಿಂದ ನಡುವಿನ ತನಕ ಕೈಯಲ್ಲೇ ಟಾಕಿ ಹಾಕುತ್ತಾಳೆ. ಒಂದು ಕೌದಿಗೆ ಒಂದು ತಿಂಗಳು. ಒಂದು ಬೆರಳಿನ ಜಾಗದಲ್ಲಿ ಆರು ಟಾಕಿ. ಐದಾದರೆ ಬಿಚ್ಚಿ ಮತ್ತೆ ಹಾಕುತ್ತಾಳೆ. ನಾಲ್ಕು ಮೂಲೆಗೂ ಮೂರು ಮೂಲೆಯ ಒಂದೊಂದು ತುಂಡು ಇಡುತ್ತಾಳೆ. ಅದಕ್ಕೆ ಅವಳು ಘಾಸ ಎನ್ನುತ್ತಾಳೆ, ಅಂದರೆ ತುತ್ತು. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಜೋಳದ ರೊಟ್ಟಿಯ ಒಂದು ಚೂರು ಸೇರಿಸುತ್ತಾಳೆ. ಕೌದಿ ಹಸಿದುಕೊಂಡಿದ್ದರೆ ಮನುಷ್ಯನನ್ನು ಬೆಚ್ಚಗೆ ಇಡುವುದಿಲ್ಲವಂತೆ. ಇರುವೆ ಬರೋದಿಲ್ಲವೇನಕ್ಕಾ ಎಂದು ನಾನೊಮ್ಮೆ ಕೇಳಿದ್ದೆ. ಹದಿನೈದು ದಿನ ಚಿಂದಿ ಒಯ್ಯಲು ಬರಲಿಲ್ಲ.

ಇನ್ನೊಂದು ಕಟ್ಟುನಿಟ್ಟೂ ಇದೆ. ಅವಳ ಕೌದಿಯನ್ನು ಹೊದೆಯಬೇಕು, ಹಾಸಬಾರದು. "ಇದರಾಗ ಮಂದಿ ಅವ್ವಗೋಳ ಸೀರಿ ಇರ್ತಾವ. ಮೈ ಮ್ಯಾಲ ಹೊಚ್ಚಿಗೊಳ್ಳಾಕ ಹೊಲದೀನಿ, ಮ್ಯಾಲ ಬಿದ್ದ ಹೊಳ್ಳಾಡಾಕ ಅಲ್ಲ. ಹಾಸಾಕ ಜಮಖಾನಿ ಅದಲ್ಲ" ಎನ್ನುತ್ತಾಳೆ. ಈ ಮಾತನ್ನು ಮೀರಿದ ಒಬ್ಬ ಮದುಮಗನ ಮನೆಯಿಂದ ತನ್ನ ಕೌದಿಯನ್ನು ವಾಪಸ್ ಹೊತ್ತು ತಂದವಳು ಅವಳು. ಇಂಥವಳಿಗೆ ಗಂಡನಾಗಿ ಸಿಕ್ಕವನು ಲಾಲಪ್ಪ. ಅವನಿಗೆ ಹಾಸಿಗೆಯೇ ಆಗಿಬರುವುದಿಲ್ಲ.

ಲಾಲಪ್ಪ ಮೂವತ್ತೊಂದು ವರ್ಷ ಹುಮನಾಬಾದಿನಲ್ಲಿ ಅಂಬರೀಷ ಸಾವಕಾರರ ಲಾರಿ ಓಡಿಸಿದ. ಹೈದರಾಬಾದಿನಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಹೈದರಾಬಾದು. ಆ ರಸ್ತೆಯ ಡ್ರೈವರುಗಳು ಲಾರಿಯ ಹೊಟ್ಟೆಯ ಕೆಳಗೆ ತಾಡಪತ್ರಿಯ, ಅಂದರೆ ಟಾರ್ಪಾಲಿನ, ಜೋಲಿ ಕಟ್ಟಿ ಮಲಗುತ್ತಾರೆ. ಲಾಲಪ್ಪನೂ ಹಾಗೆಯೇ ಮಲಗಿದ. ಆರು ವರ್ಷದ ಹಿಂದೆ ಬೈಪಾಸಿನಲ್ಲಿ ಕೆಟ್ಟು ನಿಂತಿದ್ದ ಯಾರದೋ ಜೀಪನ್ನು ರಿಪೇರಿ ಮಾಡಿಕೊಟ್ಟದ್ದಕ್ಕೆ, ಅದರಲ್ಲಿದ್ದ ತಿರುಗಾಟದ ಹುಡುಗರು ಅವನಿಗೊಂದು ನೈಲಾನ್ ಜೋಲಿ ಕೊಟ್ಟು ಹೋದರು. ಕಾಡಿನಲ್ಲಿ ಎರಡು ಮರಗಳ ನಡುವೆ ಕಟ್ಟಿ ಮಲಗುವಂಥದ್ದು. ಮಡಚಿದರೆ ದೊಡ್ಡ ಬದನೆಕಾಯಿಯಷ್ಟು, ಬಿಡಿಸಿದರೆ ಲಾಲಪ್ಪ ಪೂರಾ ಮುಳುಗುವಷ್ಟು. ಓರೆಯಾಗಿ ಮಲಗಿದರೆ ಬೆನ್ನು ನೆಟ್ಟಗಿರುತ್ತದೆ ಎಂಬ ಗುಟ್ಟನ್ನೂ ಅವರೇ ಹೇಳಿಕೊಟ್ಟಿದ್ದರು.

ಕಳೆದ ವರ್ಷ ಲಾರಿ ಬಿಟ್ಟು ಮನೆಗೆ ಬಂದ. ಮಂಚದ ಮೇಲೆ ಮಲಗಿಸಿದರೆ ಸೂರು ನೋಡುತ್ತ ಬೆಳಗು ಮಾಡಿದ. ನೆಲದ ಮೇಲೆ ಮಲಗಿಸಿದರೆ ಸೊಂಟ ಹಿಡಿಯಿತು. ಮನೆಯೊಳಗೆ ಜೋಲಿ ಕಟ್ಟೋಣವೆಂದರೆ ತಗಡಿನ ಸೂರಿನ ಪೈಪು ಅವನ ಭಾರಕ್ಕೆ ಬಾಗಿತು. ಕೊನೆಗೆ ಹಿತ್ತಲಿನ ಎರಡು ಬೇವಿನ ಮರಗಳ ನಡುವೆ ಕಟ್ಟಿಕೊಂಡ. ಮೊದಲ ರಾತ್ರಿಯೇ ಗೊರಕೆ ಮೂರನೇ ಮನೆಗೆ ಕೇಳಿಸಿತು. ಶೇವಂತಕ್ಕನಿಗೆ ಸಮಾಧಾನವಾಯಿತು.

ಊರಿಗೆ ಇದು ಹಬ್ಬ. ಚಹಾದಂಗಡಿಯ ನರಸಿಂಗ ಬಂದು, ಅರವತ್ತೆರಡರ ಲಾಲಪ್ಪನನ್ನು ಬಗ್ಗಿ ನೋಡಿ, "ಹೆಸರಿಡೋ ಕಾರ್ಯ ಯಾವಾಗ್ರಿ?" ಎಂದು ಕೇಳಿದ. ಲಾಲಪ್ಪ ಕಣ್ಣು ತೆರೆಯದೆ, "ಸುಮ್ಮ ನಿಂತೇನ ಮಾಡ್ತೀ, ಜರಾ ತೂಗು" ಎಂದ. ನರಸಿಂಗ ನಿಜವಾಗಿಯೂ ಹತ್ತು ನಿಮಿಷ ತೂಗಿ ಹೋದ.

ಬೇಸಿಗೆ ಕಳೆಯಿತು, ಮಳೆಗಾಲದಲ್ಲಿ ಮೇಲೊಂದು ತಾಡಪತ್ರಿ ಏರಿತು. ದೀಪಾವಳಿ ದಾಟಿತು. ನಂತರ ಬಂದದ್ದು ನಮ್ಮ ಕಡೆಯ ಚಳಿ. ತೊಗರಿ ಹೊಲದ ಮೇಲಿಂದ ಬೀಸಿ ಬರುವ ಆ ಗಾಳಿಗೆ ಬೆಳಗಿನ ಜಾವ ನನ್ನ ಮಷಿನ್ನಿನ ಎಣ್ಣೆಯೂ ಗಟ್ಟಿಯಾಗಿರುತ್ತದೆ.

ಮೊದಲ ದಿನ ಒಂದು ಕೌದಿ ಹೊದ್ದು ಮಲಗಿದ ಲಾಲಪ್ಪ ಬೆಳಿಗ್ಗೆ ಎದ್ದು "ಚಳಿ ಹತ್ತಿತು" ಎಂದ. ಈ ಮಾತನ್ನು ಅವನು ನನ್ನ ಮುಂದೆ ಹೇಳಬಹುದಿತ್ತು, ನರಸಿಂಗನ ಮುಂದೆ ಹೇಳಬಹುದಿತ್ತು. ಹೇಳಿದ್ದು ಹೆಂಡತಿಯ ಮುಂದೆ. ಶೇವಂತಕ್ಕ ರಾತ್ರಿ ಎರಡನೆಯ ಕೌದಿ ಹೇರಿದಳು. ಮತ್ತೂ ಚಳಿ. ಮೂರನೆಯದನ್ನು ಹೇರಿದಳು. ಜೋಲಿ ನೆಲದಿಂದ ಒಂದು ಗೇಣು ಎತ್ತರಕ್ಕೆ ಇಳಿಯಿತು. ಲಾಲಪ್ಪನಿಗೆ ಹೊರಳಲು ಬರಲಿಲ್ಲ, ಕೆಮ್ಮಲೂ ಜಾಗವಿರಲಿಲ್ಲ. ಬೆಳಿಗ್ಗೆ ಹಲ್ಲು ಕಡಿಯುತ್ತ ಎದ್ದ.

"ಮೂರ ಕೌದಿ ಹೊಚ್ಚೀನಿ. ಇನ್ನ ಚಳಿ ಅಂದ್ರ ಅದು ನಿನ್ನ ಮನಸಿನ್ಯಾಗ ಅದ" ಎಂದಳು ಶೇವಂತಕ್ಕ.

"ಮನಸಿನ್ಯಾಗ ಅಲ್ಲ, ಬೆನ್ನಾಗ ಅದ" ಎಂದ ಲಾಲಪ್ಪ.

ಈ ಮಾತನ್ನು ಆಗಲೇ ಯಾರಾದರೂ ಕಿವಿಗೆ ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಲಾಲಪ್ಪ ಹೇಳಿದ್ದನ್ನು ಕೇಳಿಸಿಕೊಳ್ಳುವ ರೂಢಿ ಆ ಮನೆಯಲ್ಲಿಲ್ಲ. ಎಲ್ಲರೂ ಉಪಾಯ ಕೊಟ್ಟರು. ಮಂಕಿಟೋಪಿ ಬಂತು. ಕಂಬಳಿ ಬಂತು. ಕೊಹಿನೂರು ಎಂಬ ಊರಿನಿಂದ ಬಂದಿದ್ದ ನೆಂಟ ದತ್ತು, ಜೋಲಿಯ ಕೆಳಗೆ ಕೆಂಡದ ಸಿಗಡಿ ಇಟ್ಟುಬಿಡಿ ಎಂದ. ಇಟ್ಟರು. ಅರ್ಧ ಗಂಟೆ ಲಾಲಪ್ಪನಿಗೆ ಸ್ವರ್ಗ. ಆಮೇಲೆ ನೈಲಾನು ಕರಗಿ ತಟ್ಟೆಯಷ್ಟು ತೂತು ಬಿತ್ತು, ಲಾಲಪ್ಪ ಸರಿಯಾದ ಸಮಯಕ್ಕೆ ಪಕ್ಕಕ್ಕೆ ಉರುಳಿ ಮಂಡಿ ತರಚಿಕೊಂಡ. ತೇಪೆ ಹಾಕಿಕೊಟ್ಟವನು ನಾನು. ತೇಪೆ ಹಾಕುತ್ತಲೇ ನಾನು ಮಾಡಬಾರದ ಕೆಲಸ ಮಾಡಿದ್ದು.

ಅವತ್ತು ಅಂಗಡಿಯಲ್ಲಿ ಹುಲಸೂರಿನ ಒಬ್ಬ ಗಿರಾಕಿ ಕೂತಿದ್ದ. ಅವನಿಗೆ ಇದನ್ನೆಲ್ಲ ಬಣ್ಣ ಕಟ್ಟಿ ಹೇಳಿದೆ. ಮಂಠಾಳದ ಹೆಸರಾಂತ ಕೌದಿಯವಳ ಗಂಡ ಮೂರು ಕೌದಿ ಹೊದ್ದರೂ ನಡುಗುತ್ತಾನೆ ಎಂದು ನಗಿಸಿದೆ. ಅವನೂ ನಕ್ಕ, ಹೋದ. ಸಾವಿರ ಬಟ್ಟೆ ಹೊಲಿದ ನನಗೆ ನನ್ನ ಬಾಯಿ ಹೊಲಿದುಕೊಳ್ಳಲು ಬರಲಿಲ್ಲ. ಆ ಮನುಷ್ಯ ಜಿಜಾಬಾಯಿಯ ಓಣಿಯವನು ಎಂದು ನನಗೇನು ಗೊತ್ತು.

ಜಿಜಾಬಾಯಿ ಯಾರೆಂದು ಹೇಳಬೇಕು. ಶೇವಂತಕ್ಕನ ಒಬ್ಬಳೇ ಮಗಳು ರತ್ನಮಾಲಾ. ಅವಳನ್ನು ಹುಲಸೂರಿಗೆ ಕೊಟ್ಟಿದ್ದಾರೆ. ಅಳಿಯ ಸಮ್ಯಕ ಒಳ್ಳೆಯ ಹುಡುಗ. ಅವನ ತಾಯಿ ಜಿಜಾಬಾಯಿಯೂ ಒಳ್ಳೆಯವಳೇ, ಆದರೆ ಅದನ್ನು ಯಾರಿಗೂ ತೋರಿಸಿಕೊಡುವುದಿಲ್ಲ. ಮದುವೆಯಾಗಿ ಐದು ವರ್ಷಕ್ಕೆ ರತ್ನಮಾಲಾ ಬಸುರಿಯಾಗಿದ್ದಳು. ಏಳನೆಯ ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿ, ಚೊಚ್ಚಲ ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರಬೇಕು. ಶೇವಂತಕ್ಕ ಐದು ವರ್ಷದಿಂದ ಕಾದಿದ್ದು ಇದೊಂದಕ್ಕೆ. ಒಳಕೋಣೆಗೆ ಸುಣ್ಣ ಬಳಿದಿದ್ದಳು. ಬಾಣಂತಿಯ ಉಂಡೆಗೆಂದು ಉತ್ತತ್ತಿ, ಅಂಟು, ಅಳವಿ, ಕೊಬ್ಬರಿ ತಂದು ಡಬ್ಬಿ ತುಂಬಿದ್ದಳು.

ಅಂಥ ಹೊತ್ತಿನಲ್ಲಿ ಫೋನು ಬಂತು.

"ಸಿಟ್ಟಿಗೇಳಬ್ಯಾಡ್ರಿ ಬೀಗರ" ಎಂದಳಂತೆ ಜಿಜಾಬಾಯಿ. "ನಿಮ್ಮ ಯಜಮಾನರು ಮೂರ ಕೌದ್ಯಾಗ ಥಂಡಿಗಿ ನಡಗಾಕತ್ತಾರಂತ. ಗಂಡಸಿನ ಗತಿ ಹಿಂಗಾದ್ರ ನಾಳಿ ಬಾಣಂತಿ ಕೂಸಿನ ಗತಿ ಹ್ಯಾಂಗ್ರಿ? ರತ್ನಮಾಲಾನ ಬಾಣಂತನ ಇಲ್ಲೇ ಮಾಡ್ತೀವಿ. ನೀವ ಬಂದ ನೋಡಕೊಂಡ ಹೋಗ್ರಿ."

ಮಗಳು ಒಳಗೆ ಮಲಗುತ್ತಾಳೆ, ಜೋಲಿಯಲ್ಲಲ್ಲ ಎಂದು ಹೇಳಿದರೆ ಜಿಜಾಬಾಯಿ ಒಪ್ಪುವವಳಲ್ಲ. ಕೌದಿ ಹೊಲಿಯುವ ಕೈಗೇ ಬೆಚ್ಚಗಿಡಲು ಬಾರದಿದ್ದರೆ ಒಳಗೇನು ಹೊರಗೇನು ಎಂಬುದು ಅವಳ ವಾದ. ಶೇವಂತಕ್ಕ ಜಗಳವಾಡಲಿಲ್ಲ. ಫೋನಿಟ್ಟು ನೇರವಾಗಿ ನನ್ನ ಅಂಗಡಿಗೆ ಬಂದಳು. ಸುದ್ದಿಯ ಬುಡ ಎಲ್ಲಿದೆ ಎಂದು ಅವಳಿಗೆ ದಾರಿಯಲ್ಲೇ ಗೊತ್ತಾಗಿತ್ತು. ಬೈಗುಳಕ್ಕೆ ನಾನು ತಲೆಬಗ್ಗಿಸಿ ತಯಾರಾಗಿ ಕೂತೆ. ಅವಳು ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನನ್ನ ಮಗಳು ಮನಿಗೆ ಬರಂಗಿಲ್ಲ ಧನರಾಜ" ಎಂದಳು, ಅಷ್ಟೇ.

ಅವತ್ತು ನನಗೆ ಊಟ ಸೇರಲಿಲ್ಲ. ನಾನು ಕೆಟ್ಟವನಲ್ಲ, ಬಾಯಿಬಡುಕ. ಎರಡಕ್ಕೂ ವ್ಯತ್ಯಾಸವಿದೆ ಎಂದು ನನ್ನ ಹೆಂಡತಿ ವಿಜಯಶ್ರೀ ಒಪ್ಪುವುದಿಲ್ಲ.

ಮರುದಿನ ನಸುಕಿನಲ್ಲಿ ಶೇವಂತಕ್ಕ ಗಂಡ ಮಲಗಿದ್ದ ಜೋಲಿಯ ಹತ್ತಿರ ಹೋದಳು. ಮೂರು ಕೌದಿಯ ಕೆಳಗೆ ಕೈ ತೂರಿಸಿ ಅವನ ಎದೆ ಮುಟ್ಟಿದಳು. ಒಲೆಯ ಪಕ್ಕದ ಗೋಡೆಯಂತೆ ಬೆಚ್ಚಗಿತ್ತು. ಹಾಗಾದರೆ ಕೌದಿಯ ತಪ್ಪಲ್ಲ. ನಂತರ ಅವಳು ಕೆಳಗೆ ಕೂತು, ಜೋಲಿಯ ಅಡಿಯಿಂದ ಕೈ ಹಾಕಿ ಬೆನ್ನು ಮುಟ್ಟಿದಳು. ನೀರಿನ ಕೊಡದಂತೆ ತಣ್ಣಗಿತ್ತು. ತೊಗರಿ ಹೊಲದ ಗಾಳಿಯೆಲ್ಲ ಒಂದು ಪದರು ನೈಲಾನಿನ ಮೂಲಕ ಅವನ ಬೆನ್ನನ್ನು ನೆಕ್ಕಿಕೊಂಡು ಹೋಗುತ್ತಿತ್ತು. ಮೂವತ್ತೊಂದು ವರ್ಷ ಅವನ ಕೆಳಗೆ ಬಿಸಿಲು ಕುಡಿದ ಡಾಂಬರು, ಮೇಲೆ ಆಗಷ್ಟೇ ನಿಂತ ಲಾರಿಯ ಕಾವು, ಅಡ್ಡಕ್ಕೆ ಗಾಲಿಗಳು ಇದ್ದವು. ಇಲ್ಲಿ ಕೆಳಗೆ ಏನೂ ಇರಲಿಲ್ಲ.

ಎರಡು ದಿನ ಅವಳು ತನ್ನ ಕಟ್ಟುನಿಟ್ಟಿನೊಂದಿಗೇ ಗುದ್ದಾಡಿದಳು. ಕೊನೆಗೆ ಮನಸ್ಸು ಗಟ್ಟಿ ಮಾಡಿ, ಇದ್ದುದರಲ್ಲಿ ಹಳೆಯ ಕೌದಿಯನ್ನು ಜೋಲಿಯೊಳಗೆ ಹಾಸಿದಳು. ಅದು ರಾತ್ರಿಯೆಲ್ಲ ಜಾರಿ ಜಾರಿ ಲಾಲಪ್ಪನ ಕಾಲ ಬಳಿ ಗಂಟಾಯಿತು. ಗಂಟಾಗದ ಕಡೆಯಲ್ಲೂ ಅವನ ಭಾರಕ್ಕೆ ಚಪ್ಪಟೆಯಾಗಿ ಹಪ್ಪಳವಾಯಿತು. ಚಪ್ಪಟೆಯಾದ ಬಟ್ಟೆಯಲ್ಲಿ ಕಾವು ನಿಲ್ಲುವುದಿಲ್ಲ, ಉಬ್ಬಿದ ಬಟ್ಟೆಯಲ್ಲಿ ನಿಲ್ಲುತ್ತದೆ. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾದರೆ ಕೌದಿ ಅವನ ಕೆಳಗಿರಬೇಕು, ಅವನ ಭಾರ ಮಾತ್ರ ಅದರ ಮೇಲೆ ಬೀಳಬಾರದು.

ಅದಾದ ಮೂರನೆಯ ದಿನ ಒಂದು ವಿಚಿತ್ರ ವಸ್ತುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ಬಂದಳು. ಅದೊಂದು ಕೌದಿ. ಆದರೆ ಟಾಕಿಗಳು ಒಂದೊಂದೂ ಗೇಣು ದೂರ. ನಡುವೆ ಹಳೆಯ ದಿಂಬಿನ ಅರಳೆ ಹಿಂಜಿ ತುಂಬಿದ್ದಳು. ಅದು ಪೂರಿಯ ಹಾಗೆ ಉಬ್ಬಿ ನಿಂತಿತ್ತು.

"ಬೇರೆಯವರು ಇಂಥಾ ಕೌದಿ ಹೊಲದಿದ್ರ ನಾ ಅವರ ಮಾರಿ ನೋಡತಿದ್ದಿಲ್ಲ" ಎಂದಳು. "ಟಾಕಿ ಬಿಗಿ ಹಾಕಿದ್ರ ಅರಳಿ ಕುಂಡರ್ತದ. ಅದಕ ಸಡಲ ಹಾಕೀನಿ. ಯಾರಿಗೂ ತೋರಸಬ್ಯಾಡ."

"ನಾ ಏನ ಮಾಡಬೇಕಕ್ಕಾ?"

"ಎರಡೂ ತುದಿಗಿ ಲಂಗದ ಲಾಡಿ ಹಾಕ್ತೀಯಲ್ಲ, ಹಂಗ ನೆಫೆ ಹೊಲದ ಕೊಡು. ಹಗ್ಗ ತೂರಸಬೇಕು. ಈ ಸರ್ತಿ ಬಾಯಿ ಜರಾ ಮುಚ್ಚಿಕೊಂಡ ಹೊಲಿ."

ಬಾಯಿ ಮುಚ್ಚಿಕೊಂಡೇ ಹೊಲಿದೆ. ಎರಡು ಸೂಜಿ ಮುರಿದವು, ಉಸಿರೆತ್ತಲಿಲ್ಲ.

ಅದನ್ನು ಅವಳು ಜೋಲಿಯ ಕೆಳಗೆ, ಜೋಲಿಗೆ ಇನ್ನೊಂದು ಜೋಲಿಯಂತೆ ತೂಗುಹಾಕಿದಳು. ಮೊದಲ ರಾತ್ರಿ ಸಡಿಲವಾಯಿತು. ನಡುವೆ ಗಾಳಿ ನುಗ್ಗಿ ಲಾಲಪ್ಪ ಮತ್ತೆ ನಡುಗಿದ. ಎರಡನೆಯ ರಾತ್ರಿ ಲಾಡಿ ಎಳೆದು ಬಿಗಿ ಮಾಡಿದಳು. ಅರಳೆ ಬೆನ್ನಿಗೆ ಒತ್ತಿ ಚಪ್ಪಟೆಯಾಯಿತು. ಮೂರನೆಯ ರಾತ್ರಿ ಅವನನ್ನು ಜೋಲಿಯಲ್ಲಿ ಓರೆಯಾಗಿ ಮಲಗಿಸಿ, ತಾನು ನೆಲದ ಮೇಲೆ ಅಂಗಾತ ಮಲಗಿ, ಕೆಳಗಿನಿಂದ ಅಂಗೈ ಆಡಿಸಿ ನೋಡುತ್ತ ಹಗ್ಗ ಕಟ್ಟಿದಳು. ಕೌದಿ ಬೆನ್ನನ್ನು ಮುಟ್ಟಬೇಕು, ಒತ್ತಬಾರದು. ತೊಗರಿ ಕಟ್ಟಿಗೆಯ ತಟ್ಟಿಯೊಂದನ್ನು ಹೆಣೆದು ಗಾಳಿಗೆ ಅಡ್ಡ ನಿಲ್ಲಿಸಿದಳು. ಮೇಲೆ ಒಂದೇ ಕೌದಿ ಹೊದಿಸಿದಳು.

ಬೆಳಿಗ್ಗೆ ಲಾಲಪ್ಪ ಎದ್ದು, "ರಾತ್ರಿ ಜರಾ ಸೆಕಿ ಆಯ್ತು" ಎಂದ. ಹೊಗಳಿಕೆ ಎಂದು ಹೇಳಿದ್ದೋ ದೂರು ಎಂದು ಹೇಳಿದ್ದೋ ಅವನಿಗೇ ಗೊತ್ತು. ಶೇವಂತಕ್ಕ ಒಳಗೆ ಹೋಗಿ ಹುಲಸೂರಿಗೆ ಫೋನು ಹಚ್ಚಿದಳು.

ಜಿಜಾಬಾಯಿ ನಂಬಲಿಲ್ಲ. ಬಸವಕಲ್ಯಾಣದಲ್ಲಿ ಏನೋ ಕೆಲಸವಿದೆ, ಮುಗಿಸಿಕೊಂಡು ಬರುವಾಗ ಕಣ್ಣಾರೆ ನೋಡುತ್ತೇನೆ ಎಂದಳು. ಬುಧವಾರ ಸಂಜೆಯ ಬಸ್ಸಿನಿಂದ ಇಳಿದಾಗ ನಾನು ಅಂಗಡಿಯಿಂದ ನೋಡಿದೆ. ಎತ್ತರದ, ದೊಡ್ಡ ಮೈಯ ಹೆಂಗಸು. ಕಂಡಕ್ಟರನೇ ಅವಳ ಚೀಲವನ್ನು ಕೆಳಗಿಟ್ಟು ಕೊಟ್ಟ. ಅವಳು ಶೇವಂತಕ್ಕನ ಮನೆಯ ಕಿಟಕಿ ಮುಚ್ಚಿ ತೆಗೆದು ನೋಡಿದಳಂತೆ. ಬಾಗಿಲ ಸಂದಿಗೆ ಕೈ ಹಿಡಿದು ಗಾಳಿ ಬರುತ್ತದೆಯೇ ನೋಡಿದಳಂತೆ. ಜೋಲಿಯನ್ನು ಸುತ್ತು ಹಾಕಿ, ಕೆಳಗಿನ ಉಬ್ಬು ಕೌದಿಯನ್ನು ಬೆರಳಿನಿಂದ ಚುಚ್ಚಿ, "ಇದೇನ್ರಿ, ಎಮ್ಮಿ ಕೆಚ್ಚಲ ಇದ್ದಂಗ ಅದ" ಎಂದಳಂತೆ. ಊಟ ಮಾಡಿದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುಂಜಾನೆ ಏಳೂಕಾಲರ ಬಸ್ಸಿಗೆ ಹೋಗುತ್ತೇನೆ ಎಂದಷ್ಟೇ ಹೇಳಿ ಮಲಗಿದಳು. ಶೇವಂತಕ್ಕನಿಗೆ ನಿದ್ದೆ ಬಂದಿರಲಿಕ್ಕಿಲ್ಲ.

ಗುರುವಾರ ಆರೂವರೆಗೆ ನಾನು ಹೋದೆ. ಚಿಂದಿ ಕೊಡುವ ನೆಪ. ಗುಮಾನಿ ಬೇಡ, ಫಲಿತಾಂಶ ತಿಳಿಯಲೆಂದೇ ಹೋದದ್ದು. ಹಿತ್ತಲಿನ ಬಾಗಿಲಲ್ಲಿ ಶೇವಂತಕ್ಕ ಬಾಯಿಗೆ ಬೆರಳಿಟ್ಟುಕೊಂಡು ನಿಂತಿದ್ದಳು. ಪಕ್ಕದಲ್ಲಿ ಲಾಲಪ್ಪ ಕಂಬಳಿ ಹೊದ್ದು, ಮನೆ ಕಳೆದುಕೊಂಡವನಂತೆ ಕಲ್ಲಿನ ಮೇಲೆ ಕೂತಿದ್ದ. ಜೋಲಿ ತುಂಬಿತ್ತು.

ನಡೆದದ್ದು ಇಷ್ಟು. ಐದು ಗಂಟೆಗೆ ಲಾಲಪ್ಪ ಎದ್ದು ನರಸಿಂಗನ ಅಂಗಡಿಗೆ ಚಹಾಕ್ಕೆ ಹೋಗಿದ್ದ. ಆ ಹೊತ್ತಿಗೆ ಎದ್ದು ಹೊರಗೆ ಬಂದ ಜಿಜಾಬಾಯಿ, ಯಾರೂ ಇಲ್ಲವೆಂದು ನೋಡಿಕೊಂಡು, ಪರೀಕ್ಷೆ ಮಾಡಲು ಜೋಲಿಯ ಅಂಚಿನ ಮೇಲೆ ಕೂತಳು. ಜೋಲಿಯ ಅಂಚಿನ ಮೇಲೆ ಕೂತವರನ್ನು ಜೋಲಿ ಬಿಡುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ. ಅವಳು ಹಿಂದಕ್ಕೆ ಉರುಳಿದಳು, ಕಾಲುಗಳು ಮೇಲೆ ಬಂದವು. ಒಲೆಯ ಮುಂದಿದ್ದ ಶೇವಂತಕ್ಕ ಕಿಟಕಿಯಿಂದ ಎಲ್ಲವನ್ನೂ ನೋಡಿದಳು. ನಗು ತಡೆದುಕೊಂಡು ಓಡಿ ಬರುವಷ್ಟರಲ್ಲಿ ಜಿಜಾಬಾಯಿ ಕೌದಿಯನ್ನು ಗದ್ದದವರೆಗೆ ಎಳೆದುಕೊಂಡಾಗಿತ್ತು. ಐದು ನಿಮಿಷಕ್ಕೆ ಗೊರಕೆ ಶುರುವಾಯಿತು.

ನಮ್ಮ ಮೂವರಿಗೂ ಅವಳನ್ನು ಎಬ್ಬಿಸುವ ಧೈರ್ಯವಿರಲಿಲ್ಲ. ಏಳೂಕಾಲಕ್ಕೆ ಹುಲಸೂರಿನ ಬಸ್ಸು ಹಾರ್ನ್ ಹೊಡೆದು ಹೋಯಿತು. ಶೇವಂತಕ್ಕ ಕಾಗೆ ಓಡಿಸುತ್ತ, ಪಕ್ಕದ ಮನೆಯ ರೇಡಿಯೊ ಕಡಿಮೆ ಮಾಡಿಸುತ್ತ ಕಾವಲು ನಿಂತಳು. ಎಂಟು ಗಂಟೆಗೆ ಬಿಸಿಲು ಬೇವಿನ ಎಲೆಗಳ ನಡುವಿನಿಂದ ಮುಖಕ್ಕೆ ಬಿದ್ದಾಗ ಜಿಜಾಬಾಯಿ ಕಣ್ಣು ಬಿಟ್ಟಳು. ಮೊದಲು ಮರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಏಳಲು ಎರಡು ಸಲ ಯತ್ನಿಸಿದಳು, ಆಗಲಿಲ್ಲ. ಲಾಲಪ್ಪ ಕೈ ಕೊಡಲು ಮುಂದಾದ, ಅವಳು ಬೇಡವೆಂದು ತಲೆಯಾಡಿಸಿದಳು. ಶೇವಂತಕ್ಕ ಚಹಾ ತಂದುಕೊಟ್ಟಳು. ಜಿಜಾಬಾಯಿ ಮಲಗಿದ್ದಲ್ಲೇ ಮೊಣಕೈ ಊರಿ ಕುಡಿದಳು.

"ಎಷ್ಟ ಹೊತ್ತಾತ್ರಿ?" ಎಂದು ಕೇಳಿದಳು.

"ಎಂಟ ಹೊಡೀತು. ಬಸ್ ಹೋತ್ರಿ ಬೀಗರ."

ಜಿಜಾಬಾಯಿ ಕೊನೆಯ ಗುಟುಕು ಕುಡಿದು ಬಟ್ಟಲಿನೊಳಗೆ ನೋಡಿದಳು. ಮತ್ತೆ ಮಾತಾಡಿದಾಗ ಧ್ವನಿ ತಗ್ಗಿತ್ತು.

"ನಾಕ ಹಡದೀನಿ. ನಾಕೂ ಅತ್ತಿ ಮನ್ಯಾಗ. ಹಡದ ಮೂರನೇ ದಿನಕ್ಕ ರೊಟ್ಟಿ ಬಡ್ಯಾಕ ಕುಂತೀನಿ. ನಮ್ಮವ್ವ ಮೊದಲ ತೀರಿಕೊಂಡಿದ್ಲು, ಕರಿಯಾಕ ತವರಾಗ ಯಾರೂ ಇದ್ದಿಲ್ಲ. ಏಳು ಅಂತ ಯಾರೂ ಅನ್ನದಂಗ ನಾ ಮಲಗಿದ್ದು ಇವತ್ತ."

ಲಾಲಪ್ಪ ನೆಲ ನೋಡಿದ. ಶೇವಂತಕ್ಕ ಅವಳ ಕೈಯಿಂದ ಖಾಲಿ ಬಟ್ಟಲು ತೆಗೆದುಕೊಂಡಳು. ಜಾರಿದ್ದ ಕೌದಿಯನ್ನು ಭುಜದ ತನಕ ಎಳೆದು ಸರಿಮಾಡಿದಳು.

"ಮತ್ತೊಂದೀಟ ಮಲಗ್ರಿ. ಮುಂದಿನ ಬಸ್ಸಿಗಿ ಭಾಳ ಹೊತ್ತ ಅದ. ರೊಟ್ಟಿ ಆದ ಮ್ಯಾಲ ಎಬ್ಬಸ್ತೀನಿ."

ಜಿಜಾಬಾಯಿ ಬೇಡ ಎನ್ನುತ್ತಾಳೆಂದು ನಾನು ಕಾದೆ. ಅನ್ನಲಿಲ್ಲ. ಓರೆಯಾಗಿ ಹೊರಳಿ ಕಣ್ಣು ಮುಚ್ಚಿದಳು.

"ಐತವಾರ ಕುಬಸಕ್ಕ ಬರ್ರಿ" ಎಂದಳು ಕೌದಿಯೊಳಗಿನಿಂದ. "ರತ್ನಮಾಲಾನ ಕರಕೊಂಡ ಬಂದ ಐದ ತಿಂಗಳ ಇಟ್ಟಗೊಂಡ ಕಳಸ್ರಿ. ನನ್ನ ಸೊಸೀನ ಲಗೂ ಎಬ್ಬಸಬ್ಯಾಡ್ರಿ."

ಶೇವಂತಕ್ಕ ಒಳಗೆ ಹೋದಳು. ಹಂಚು ಒಲೆಯ ಮೇಲೆ ಏರಿದ ಸದ್ದಾಯಿತು, ಹಿಟ್ಟು ನಾದಿದ ಸದ್ದಾಯಿತು. ಆಮೇಲೆ ರೊಟ್ಟಿ ಬಡಿಯತೊಡಗಿದಳು. ನಮ್ಮ ಊರಿನಲ್ಲಿ ರೊಟ್ಟಿ ಬಡಿಯುವುದು ರಸ್ತೆಗೆ ಕೇಳಿಸುತ್ತದೆ. ಅವತ್ತು ಬಾಗಿಲಲ್ಲೇ ನಿಂತಿದ್ದ ನನಗೂ ಕೇಳಿಸದಷ್ಟು ಮೆಲ್ಲಗೆ, ಅಂಗೈಯಿಂದ ತಟ್ಟಿ ತಟ್ಟಿ ಬಡಿದಳು.